ಹಲಸಿನ ಬೂದಿ

ನಾನು ಶಿರಾಳಕೊಪ್ಪದ ಸಂತೆಗೆ ಹೋಗಿದ್ದಾಗ, ನಮ್ಮ ಯಜಮಾನರು ನೆಟ್ಟಿದ್ದ ಹಲಸಿನ ಮರವನ್ನು ಪಕ್ಕದ ಮನೆಯ ಉಚ್ಚಂಗಪ್ಪ ಕಡಿದ. ಹೊಸ ಪೈಸೆ ಬಂದ ವರ್ಷ ಅದು. ಮರ ನನ್ನ ಹಿತ್ತಲಿನದು, ಕೆಡವಿದ್ದು ಅವನ ಕಡೆಗೆ. ಯಜಮಾನರು ತೀರಿಕೊಂಡ ಮೇಲೆ ಅವರ ಕೈಗುರುತು ಅಂತ ನನಗೆ ಉಳಿದಿದ್ದು ಅದೊಂದೇ.

"ಮರ ಏನಾಯ್ತೋ?" ಎಂದಷ್ಟೇ ಕೇಳಿದೆ.

"ನನ್ನ ಕೊಡ್ಲಿ ಮನೇಲೇ ಇರ್ಲಿಲ್ಲ, ಮೂಕಮ್ಮಕ್ಕ. ಗಾಳಿಗೆ ಬಿತ್ತು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ. ಆದರೆ ಕೊಡಲಿ ಏಟಿನ ಗುರುತು ಕಾಣದ ಹಾಗೆ ಬುಡವನ್ನೂ ಸಿಗಿದು ಹಾಕಿದ್ದ, ಕಣ್ಣಾರೆ ಕಂಡವರೂ ಇಲ್ಲ. ಊರ ಹಿರಿಯ ಪುಟ್ಟಪ್ಪನವರು, ಗಾಳಿಗೆ ಬಿದ್ದ ಮರ ಯಾರ ಜಾಗದಲ್ಲಿ ಬಿತ್ತೋ ಅವರದೇ ಎಂದುಬಿಟ್ಟರು. "ಹಂಗಾದ್ರೆ ಅದರ ಬೂದಿನಾದ್ರೂ ನಂಗೆ ಕೊಡ್ಸಿ" ಎಂದೆ. ಉಚ್ಚಂಗಪ್ಪ ನಕ್ಕ.

"ತಗೊಂಡ್ ಹೋಗ್ಲಿ ಬಿಡ್ರಿ. ಕುಂಕುಮ ಅಂತೂ ಇಲ್ಲ, ಹಣೆಗೆ ಬಳ್ಕೊಳ್ಳಿ."

ಮರವನ್ನು ಸೀಳಿ ತನ್ನ ಆಲೆಮನೆಯಲ್ಲಿ ಬೆಲ್ಲ ಕಾಯಿಸಲು ಉರಿಸಿದ. ಒಲೆ ಆರಿದ ಮೇಲೆ ನಾನು ಬುಟ್ಟಿ ಹೊತ್ತು ಹೋಗಿ ಒಂದು ಹಿಡಿಯೂ ಬಿಡದೆ ಗೋರಿ ತಂದೆ. ನೀರು ತಾಗಿದರೆ ಬೂದಿಯ ಸತ್ವ ಹೋಗುತ್ತದೆ. ಜರಡಿ ಹಿಡಿದು ಮಣ್ಣಿನ ಹರವಿಯಲ್ಲಿ ಮುಚ್ಚಿಟ್ಟೆ. ರೋಹಿಣಿ ಮಳೆ ಬಿದ್ದಾಗ ಗುಂಡಿಗೊಂದು ಹಿಡಿ ಮಣ್ಣಿಗೆ ಬೆರೆಸಿ ಸಿಹಿಗುಂಬಳದ ಬೀಜ ಊರಿದೆ. ಹೆಚ್ಚು ಹಾಕಿದರೆ ಬೇರು ಸುಡುತ್ತದೆ. ಸಿಟ್ಟಿನ ಹಾಗೆ ಅದನ್ನೂ ಅಳೆದೇ ಹಾಕಬೇಕು.

ಮಾನವಮಿ ಹೊತ್ತಿಗೆ ಬಳ್ಳಿ ತುಂಬ ಕಾಯಿ. ಅವನ ಮನೆಯೊಂದನ್ನು ಬಿಟ್ಟು ಮನೆಮನೆಗೂ ಕೊಟ್ಟೆ. ಅವನ ಹೆಂಡತಿ ಹೂವಮ್ಮ ಚೊಚ್ಚಲ ಬಸುರಿ. ಬೀದಿಯೆಲ್ಲ ಕುಂಬಳಕಾಯಿ ಕಡುಬಿನ ವಾಸನೆ. ಅವಳಿಗೆ ಬಯಕೆ ಹತ್ತಿತು. ಬಸುರಿಯ ಬಯಕೆ ತಡೆದರೆ ಪಾಪ ಅಂತ ನನಗೂ ಗೊತ್ತು. ಕೊಡುವವಳೇ ಇದ್ದೆ. ಆದರೆ ಅವನೇ ಬಂದು ಕೇಳಲಿ ಎಂದು ಕಾದೆ.

ಬಂದ. ಪುಟ್ಟಪ್ಪನವರು ಇನ್ನೊಂದು ಕಾಯಿಗೆಂದು ಬಂದು ನನ್ನ ಜಗಲಿಯಲ್ಲಿ ಕೂತಿದ್ದರು.

"ಅಕ್ಕ, ಒಂದ್ ಕಾಯಿ ಕೊಡು. ಅವಳು ಅನ್ನಾನೇ ಬಿಟ್ಟಾಳೆ."

"ಮರ ಕಡ್ದೋರ್ ಯಾರು ಹೇಳು, ಕೊಡ್ತೀನಿ."

ತಲೆ ತಗ್ಗಿಸಿ ಏನೋ ಗೊಣಗಿದ.

"ಪುಟ್ಟಪ್ಪನೋರಿಗೆ ಕೇಳ್ಲಿಲ್ಲ."

"ನಾನೇ ಕಡ್ದೆ" ಎಂದ.

ಒಳಗಿಂದ ಕಾಯಿ, ಕತ್ತಿ ಎರಡನ್ನೂ ತಂದು ಅವನ ಮುಂದಿಟ್ಟೆ. ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಕತ್ತಿ ಹಾಕುವಂತಿಲ್ಲ. ನನ್ನ ಮನೆಯಲ್ಲಿ ಗಂಡಸಿಲ್ಲ.

"ನೀನೇ ಕಡಿ. ನಿಂಗೆ ಅಭ್ಯಾಸ ಐತಲ್ಲ."

ಕಡಿದ. ನನಗೆ ಹಾಯೆನಿಸಿತು. ಹೋಳುಗಳನ್ನು ಅವನ ಕೈಗಿಡುವ ಮುಂಚೆ ಬೀಜವನ್ನೆಲ್ಲ ಬಗೆದು ನನ್ನ ಮಡಿಲಿಗೆ ಹಾಕಿಕೊಂಡೆ. ಹೂವಮ್ಮ ಹೊಟ್ಟೆತುಂಬ ತಿನ್ನಲಿ. ಯಜಮಾನರ ಮರದ ಬೂದಿ ಉಂಡ ಬೀಜ ಒಂದೂ ಅವನ ಹಿತ್ತಲಲ್ಲಿ ಮೊಳೆಯಕೂಡದು.