ತಿಜೋರಿ ತುಂಬ ಸೀರೆ

ನುಸಿಗುಳಿಗೆಯ ವಾಸನೆ, ಮೂಗಿನಿಂದ ನೇರ ನೆತ್ತಿಗೇರುವ ವಾಸನೆ, ಬಟ್ಟೆಯ ತಿಜೋರಿಯ ಬಾಗಿಲು ಪೂರ್ತಿ ತೆಗೆಯುವ ಮೊದಲೇ ಮೇಲಿನ ಖಾನೆಯಿಂದ ಸೀರೆಗಳ ಒಂದು ಅಟ್ಟಿ ಜಾರಿ ವಿದ್ಯಾವತಿಯ ಕಾಲ ಮೇಲೆ ಬಿತ್ತು, ಬೀಳಲಿ, ಎಲ್ಲ ಬೀಳಲಿ, ಇವತ್ತು ಇದರೊಳಗೆ ಒಂದೆಳೆ ನೂಲು ಉಳಿದರೆ ತನ್ನ ಹೆಸರು ವಿದ್ಯಾವತಿಯೇ ಅಲ್ಲ — ತಿಜೋರಿ ತುಂಬ ಸೀರಿ ಅದಾವ, ಮತ್ತೊಂದ ತಗೊಂಡ ಎಲ್ಲಿ ಇಡ್ತಿ, ಮೊದಲ ಅದನ್ನ ಖಾಲಿ ಮಾಡು ಅಂದ ಗಂಡ, ನಿನ್ನೆ, ಬಾಗೇವಾಡಿಯ ಬಟ್ಟೆ ಅಂಗಡಿಯಲ್ಲಿ, ಗಾದಿಯ ಮೇಲೆ ಕೂತ ಅಷ್ಟೂ ಗಿರಾಕಿಗಳ ಎದುರಿಗೆ. ಬಾಯಲ್ಲಾದರೆ ರೀ ಅನ್ನುತ್ತಾಳೆ, ಮನಸ್ಸಿನಲ್ಲಿ ಯಾಕೆ ಅನ್ನಬೇಕು, ಇವತ್ತಂತೂ ಅನ್ನುವುದಿಲ್ಲ, ಗುರುಲಿಂಗಪ್ಪ, ಸಿಂದಗಿ ಬಸ್‌ಸ್ಟ್ಯಾಂಡಿನ ಎದುರು ಬೀಜ ಗೊಬ್ಬರದ ಅಂಗಡಿ ಇಟ್ಟ ದೊಡ್ಡ ಮನುಷ್ಯ, ರೈತರಿಗೆ ಯಾವ ಬೀಜ ಬೇಕೆಂದು ನಾಲ್ಕು ಸಲ ಕೇಳುತ್ತಾನೆ, ಹೆಂಡತಿಗೆ ಏನು ಬೇಕೆಂದು ಒಂದು ಸಲ ಕೇಳಿದ್ದಿಲ್ಲ. ಬರುವ ಗುರುವಾರ ಇಂಡಿಯಲ್ಲಿ ಆಕೆಯ ಅಣ್ಣನ ಮಗ ಚೇತನಕುಮಾರನ ಮದುವೆ, ಅದಕ್ಕೇ ಬಟ್ಟೆ ತರಲು ಹೋದದ್ದು, ಅಣ್ಣನಿಗೆ ಧೋತರ ಬಂತು, ಅತ್ತಿಗೆಗೆ ಸೀರೆ ಬಂತು, ಮದುಮಗನಿಗೆ ಪ್ಯಾಂಟು ಶರ್ಟಿನ ಬಟ್ಟೆ ಬಂತು, ಅವರ ಲಿಂಬೆ ತೋಟಕ್ಕೆ ನೀರು ಹಾಯಿಸುವವನಿಗೂ ಒಂದು ಟಾವೆಲ್ ಬಂತು, ಕೊನೆಗೆ ಅಂಗಡಿಯವನು ಸುಮ್ಮನೆ ಅಂತ ಒಂದು ಬದನೆಕಾಯಿ ಬಣ್ಣದ್ದು ಹಾಸಿದ, ಮೈತುಂಬ ಜೋಳದ ಕಾಳಿನಷ್ಟು ಚಿಕ್ಕಿ, ಸಣ್ಣ ಅಂಚು, ಮಿರಮಿರ ಇಲ್ಲ, ಸದ್ದಿಲ್ಲದ ಸೀರೆ. ಆಕೆ ಬಾಯಿ ಬಿಟ್ಟು ಕೇಳಲೂ ಇಲ್ಲ, ಅಂಗೈ ಅಷ್ಟೇ ಇಟ್ಟಿದ್ದಳು. ಗಂಡ ಆ ಮಾತು ಅಂದ, ಅಂಗಡಿಯವನು ನಕ್ಕ, ಆಕೆಯ ಅಂಗೈ ಇನ್ನೂ ಮೇಲಿರುವಾಗಲೇ ಮಡಿಚತೊಡಗಿದ. ಸೊಸೆ ಬಂದ ಮನೆಯ ಯಜಮಾನಿ, ಹೆಣ್ಣು ನೋಡಲು ಬಂದವರ ಮುಂದೆ ಕೂತ ಹುಡುಗಿಯ ಹಾಗೆ ಕೈ ಹಿಂದಕ್ಕೆ ತೆಗೆದುಕೊಂಡಳಲ್ಲ, ಅದೇ ಹೊಟ್ಟೆಯಲ್ಲಿ ಉರಿಯುತ್ತಿದೆ. ಖಾಲಿ ಮಾಡು ಅಂದೆಯಲ್ಲ, ಮಾಡುತ್ತೇನೆ, ಸಂಜೆ ಅಂಗಡಿ ಮುಚ್ಚಿಕೊಂಡು ಬಾ, ಎರಡೂ ಬಾಗಿಲು ತೆಗೆದು ತೋರಿಸುತ್ತೇನೆ, ಗುರುವಾರ ಆ ಬದನೆಕಾಯಿ ಬಣ್ಣದ್ದನ್ನೇ ಉಟ್ಟು ತೌರಿನ ಹಂದರದಲ್ಲಿ ನಿಲ್ಲುತ್ತೇನೆ.

ಇವೆಲ್ಲ ಆಕೆಯ ಸೀರೆಗಳಂತೆ, ನೆಲದ ಮೇಲೆ ಹರಡಿ ನೋಡಿದರೆ ಸಂತೆಯಲ್ಲಿ ಅಂಗಡಿ ಹಚ್ಚಿದ ಹಾಗಿದೆ, ಇಟ್ಟಂಗಿ ಬಣ್ಣ, ಕೆಮ್ಮಿನ ಔಷಧದ ಬಣ್ಣ, ಸರಕಾರಿ ಸಾಲಿ ಗೋಡೆಯ ಹಳದಿ, ಬೆಳ್ಳಿ ಹೂವಿನ ಕಿತ್ತಳೆ — ಯಾವ ಹೆಂಗಸು ಕಣ್ಣು ತೆರೆದುಕೊಂಡು ಇದನ್ನು ಆರಿಸುತ್ತಾಳೆ, ಯಾರೂ ಆರಿಸಿಲ್ಲ, ಎಲ್ಲ ಆಯೇರಿ, ಮದುವೆಗೆ ಹೋದರೆ ಒಂದು, ಬಸುರಿಯ ಕುಬಸಕ್ಕೆ ಹೋದರೆ ಒಂದು, ವಾಸ್ತುಶಾಂತಿಗೆ ಹೋದರೆ ಒಂದು, ಹಣೆಗೆ ಕುಂಕುಮ ಹಚ್ಚಿ ಉಡಿಯಲ್ಲಿ ಹಾಕಿಬಿಡುತ್ತಾರೆ, ಒಲ್ಲೆ ಅನ್ನುವ ಹಾಗಿಲ್ಲ, ಕೊಡುವವರು ಉಡಲಿ ಅಂತಲೂ ಕೊಡುವುದಿಲ್ಲ, ಕೊಟ್ಟೆವು ಅನ್ನಿಸಿಕೊಳ್ಳಲು ಕೊಡುತ್ತಾರೆ. ಪ್ರತಿಯೊಂದರ ಮಡಿಕೆಯಲ್ಲೂ ಒಂದು ಚೀಟಿ, ಬಂದ ಮನೆಗೇ ತಿರುಗಿ ಹೋಗಬಾರದೆಂದು ತಾನೇ ಬರೆದಿಟ್ಟದ್ದು, ಮೋರಟಗಿ ದೊಡ್ಡಪ್ಪನ ಮನೆಯದು, ಶಂಕರೆಪ್ಪನ ಮಗಳ ಮದುವೆಯದು, ಗುಂಡವ್ವನ ಮೊಮ್ಮಗನ ಕೂದಲು ತೆಗೆಸಿದ ಜವಳದ್ದು — ಅಬ್ಬಾ ಆ ಗುಂಡವ್ವ ಕೊಟ್ಟ ಬೂದಿ ಬಣ್ಣದ್ದು, ಅದನ್ನು ತಾನು ಎಂದೋ ಬೇರೆ ಮನೆಗೆ ದಾಟಿಸಿದ್ದಳು, ಅದು ಮುದ್ದೇಬಿಹಾಳ ಸುತ್ತಿ, ಇಂಡಿ ಸುತ್ತಿ, ಯಾರ ಯಾರದೋ ಮದುವೆ ಕಂಡು, ಒಂದು ಅರಿಷಿಣದ ಕಲೆಯನ್ನೂ ಹಚ್ಚಿಕೊಂಡು ಹೋದ ವರ್ಷ ಇದೇ ತಿಜೋರಿಗೆ ಬಂದು ಕೂತಿತು, ಬಾಣಂತನಕ್ಕೆ ಬಂದ ಮಗಳ ಹಾಗೆ. ಆಗ ನಕ್ಕಿದ್ದಳು, ಈಗ ನಗು ಬರುವುದಿಲ್ಲ. ಇರಲಿ, ಇವು ಜನರು ಕೊಟ್ಟವು, ಸ್ವಂತ ಮದುವೆಯ ಸೀರೆಯಾದರೂ ತನ್ನದೇ, ಅದೂ ಅಲ್ಲ, ಅತ್ತೆ ಶೆಟ್ಟೆವ್ವ ಆರಿಸಿದ್ದು, ಗಿಳಿ ಹಸಿರು, ಈ ಕಪ್ಪು ಮೈಗೆ ಗಿಳಿ ಹಸಿರು, ಶಿವನ ಪಾದ ಸೇರಿದ್ದಾಳೆ, ಅಲ್ಲಿಯೂ ಯಾರಿಗೋ ಬಣ್ಣ ಆರಿಸುತ್ತಿರಬೇಕು. ಮದುವೆಯ ಜವಳಿ ತೆಗೆಯುವ ದಿನ ಅವ್ವ ಮನೆಯಲ್ಲೇ ಹೇಳಿಕೊಟ್ಟು ಕರೆದುಕೊಂಡು ಹೋಗಿದ್ದಳು, ಯಾವ ಸೀರಿ ತೋರಿಸಿದ್ರೂ ಅಂಚ ಎರಡ ಬೆರಳಿಲೆ ಹಿಡದ ನೋಡು, ಚಲೋ ಐತ್ರಿ ಅನ್ನು, ಮುಂದ ಒಂದ ಮಾತ ಬ್ಯಾಡ, ಹುಡುಗಿ ಹಟಮಾರಿ ಅಂದಾರು. ಹಿಡಿದಳು, ಅಂದಳು, ಮುಂದೆ ಒಂದು ಮಾತಾಡಲಿಲ್ಲ, ಅದು ಆ ದಿನಕ್ಕೇ ಮುಗಿಯುತ್ತದೆ ಅಂದುಕೊಂಡಿದ್ದಳು. ಯಾವಾಗ ಉಡ್ತೀವಾ ಅದನ್ನ ಅಂತ ಶೆಟ್ಟೆವ್ವ ಕೇಳಿದಾಗೆಲ್ಲ ಚಲೋ ದಿನ ನೋಡಿ ಉಡ್ತೇನ್ರಿ ಅತ್ತಿ ಅನ್ನುತ್ತಿದ್ದಳು. ಆ ಚಲೋ ದಿನ ಶೆಟ್ಟೆವ್ವ ಇರುವ ತನಕ ಬರಲೇ ಇಲ್ಲ.

ಹಳೇ ಅರಿಬಿಗೆ ಸ್ಟೀಲ್ ಭಾಂಡೆ, ಹಳೇ ಅರಿಬಿಗೆ ಭಾಂಡೆ — ಹಳೆ ಬಟ್ಟೆಗೆ ಪಾತ್ರೆ ಕೊಡುವ ಸೈದಾಬಿಯ ದನಿ, ಓಣಿಯ ತುದಿಯಲ್ಲಿ, ಸರಿಯಾದ ಹೊತ್ತಿಗೆ ಬಂದಳು, ಕರೆದು ಕಟ್ಟೆಯ ಮೇಲೆ ಕೂರಿಸಿ ಸೀರೆಗಳನ್ನೆಲ್ಲ ಮುಂದೆ ಸುರಿದರೆ ಆಕೆ ಒಂದೊಂದನ್ನೇ ಎತ್ತಿ ಬಿಸಿಲಿಗೆ ಹಿಡಿದಳು, ಇವು ಹೊಸಾವ ಅದಾವಲ್ರಿ ಅಕ್ಕಾರ. ಹೊಸವಾದರೆ ಇನ್ನೂ ಒಳ್ಳೆಯದಲ್ಲವೇ, ಒಂದು ದೊಡ್ಡ ಡಬ್ಬಿ ಕೊಡು ಅಂದರೆ ತಲೆ ಅಲ್ಲಾಡಿಸಿದಳು, ನೈಲಾನ್ ಐತ್ರಿ, ಉಟ್ಟು ತೊಳದು ಮೆತ್ತಗ ಆಗಿಲ್ಲ, ಕೌದಿ ಹೊಲ್ಯಾಕೂ ಬರಂಗಿಲ್ಲ, ಇವನ್ನ ತಗೊಂಡ ನಾ ಏನ ಮಾಡ್ಲಿ, ಸಾಹುಕಾರ್ರ ಹಳೇ ಪ್ಯಾಂಟ್ ಇದ್ರ ತರ್ರಿ, ತಂಬಿಗಿ ಕೊಡ್ತೇನಿ. ಕೇಳಿದೆಯಾ ವಿದ್ಯಾವತಿ, ಕೌದಿಗೂ ಬರುವುದಿಲ್ಲವಂತೆ, ಕೌದಿಗೆ ಬರಬೇಕಾದರೂ ಮೊದಲು ಯಾರಾದರೂ ಉಟ್ಟು ಬಾಳಿರಬೇಕು, ಗಂಡಸಿನ ಹರಕು ಪ್ಯಾಂಟಿಗೆ ತಂಬಿಗೆ, ಹೆಂಗಸಿನ ತಿಜೋರಿಗೆ ಒಂದು ಚಮಚವೂ ಇಲ್ಲ. ಒಳಗೆ ಹೋದವಳೇ ಗುರುಲಿಂಗಪ್ಪನ ಕಂದು ಸಫಾರಿ ತಂದು ಬುಟ್ಟಿಗೆ ಹಾಕಿದಳು, ಹೊಟ್ಟೆ ಬಂದ ಮೇಲೆ ಗುಂಡಿ ಕೂಡದ ಸಫಾರಿ, ಮತ್ತೆ ತೆಳ್ಳಗಾಗುತ್ತೇನೆ ಅಂತ ಹ್ಯಾಂಗರಿಗೆ ತೂಗುಹಾಕಿಕೊಂಡದ್ದು, ಅದಕ್ಕೆ ಮಾತ್ರ ತಿಜೋರಿಯಲ್ಲಿ ಜಾಗ ಇತ್ತಲ್ಲ. ಬಂದ ತಂಬಿಗೆಯನ್ನು ದೇವರ ಜಗುಲಿಯ ಪಕ್ಕ ಇಟ್ಟಳು, ನೋಡಲಿ, ಕೇಳಲಿ, ಹೇಳುತ್ತಾಳೆ. ಆದರೂ ಸೀರೆಗಳು ಕಟ್ಟೆಯ ಮೇಲೆ ಹಾಗೇ ಉಳಿದವು.

ಮತ್ತೆ ಅಪ್ಪಿ ಒಳಗೆ ತಂದಳು, ಇನ್ನು ಯಾರಿಗೆ, ಸೊಸೆ ಇದ್ದಾಳಲ್ಲ, ಅನಿಲನ ಹೆಂಡತಿ, ಮುದ್ದೇಬಿಹಾಳದ ಹುಡುಗಿ, ಮದುವೆಯಾಗಿ ವರ್ಷ ತುಂಬಿಲ್ಲ, ಉಡುವ ವಯಸ್ಸು, ಎಲ್ಲ ಆಕೆಯ ತಲೆಗೆ ಕಟ್ಟಿದರೆ ಮುಗಿಯಿತು — ಸುವರ್ಣಾ, ಇಲ್ಲಿ ಬಾರವಾ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಸುವರ್ಣಾ ಸೆರಗಿಗೆ ಕೈ ಒರೆಸುತ್ತ ಬಂದು ನಿಂತಳು, ಇದು ನಿನಗ ಒಪ್ಪತೈತಿ ನೋಡು ಅಂದರೆ ಎರಡು ಬೆರಳಲ್ಲಿ ಅಂಚು ಹಿಡಿದು ನೋಡಿದಳು, ಚಲೋ ಐತ್ರಿ ಅತ್ತಿ. ಇಟ್ಟಂಗಿ ಬಣ್ಣದ್ದು, ಎರಡು ಬೆರಳು, ಚಲೋ ಐತ್ರಿ. ಸಾಲಿ ಗೋಡೆಯದು, ಚಲೋ ಐತ್ರಿ. ಗುಂಡವ್ವನ ಬೂದಿಯೂ ಚಲೋ ಇತ್ತು. ಎಷ್ಟು ಸಂಭಾವಿತ ಹುಡುಗಿ, ಎದುರು ಮಾತಿಲ್ಲ, ಆಚೆ ಮನೆಯ ಸೊಸೆಯ ಹಾಗೆ ಮೂಗು ಮುರಿಯುವುದಿಲ್ಲ, ಸುಳ್ಳೇ ಸಿಟ್ಟಿನಲ್ಲಿ ಬೆಂದೆ, ಉಡುವವರಿಗೆ ಎಲ್ಲವೂ ಚೆಂದವೇ, ಹೋಗು ನೀ ರೊಟ್ಟಿ ನೋಡು, ಹೊತ್ತೀತು, ಇವನ್ನ ನಿನ್ನ ತಿಜೋರಿಯೊಳಗ ನಾನ ಇಡ್ತೇನಿ. ಇರ್ಲಿ ಬಿಡ್ರಿ ಅತ್ತಿ, ನಾ ಇಡ್ತೇನ್ರಿ, ಆಮ್ಯಾಲ ಇಡ್ತೇನ್ರಿ, ಅಂದಳು ಸುವರ್ಣಾ, ಅದುವರೆಗೆ ಒಂದೇ ಸಮ ಇದ್ದ ದನಿ ಅಲ್ಲಿ ಒಂದಿಷ್ಟು ಏರಿತು. ವಿದ್ಯಾವತಿ ಆಗಲೇ ಪಡಸಾಲೆ ದಾಟಿದ್ದಳು.

ಮಗನ ಕೋಣೆ, ಬೀಗರು ಕೊಟ್ಟ ತಿಜೋರಿ, ಹಿಡಿಕೆ ತಿರುವಿದರೆ ಬಾಗಿಲು ಒಳಗಿನಿಂದ ಯಾರೋ ದೂಡಿದ ಹಾಗೆ ತೆರೆದುಕೊಂಡಿತು, ನುಸಿಗುಳಿಗೆಯ ವಾಸನೆ, ಕೈ ತೂರಿಸಲು ಜಾಗವಿಲ್ಲದಷ್ಟು ಸೀರೆ, ಅಂಗಡಿಯ ಕಾಗದ ಕಿತ್ತಿಲ್ಲ, ಮಡಿಕೆ ಮುರಿದಿಲ್ಲ, ಇದು ತಾನು ಜವಳಿಯಲ್ಲಿ ಆರಿಸಿದ ಗುಲಾಬಿ, ಇದು ತಾನು ಆರಿಸಿದ ಎಲೆ ಹಸಿರು, ಇದು ಸೀಗಿ ಹುಣ್ಣಿಮೆಗೆ ತಾನೇ ತಂದುಕೊಟ್ಟದ್ದು, ಎಲ್ಲ ತನ್ನವು, ತಾನು ಆರಿಸಿದವು, ಒಂದೂ ಮೈ ಕಂಡಿಲ್ಲ — ಬಾಗೇವಾಡಿಯ ಆ ಗಾದಿಯ ಮೇಲೆ ಮೊಣಕಾಲು ನೋಯುವ ತನಕ ಕೂತು ಹಾಸಿಸಿ ಹಾಸಿಸಿ ಆರಿಸಿದ್ದೆನಲ್ಲ, ಮಗಳಿಗೆ ಆರಿಸಿದ ಹಾಗೆ ಆರಿಸಿದೆ, ಏನು ಕಡಿಮೆಯಾಗಿತ್ತು, ಎಷ್ಟು ಸೊಕ್ಕು, ಮುಖದ ಮುಂದೆ ಚಲೋ ಐತ್ರಿ, ಬೆನ್ನ ಹಿಂದೆ ನುಸಿಗುಳಿಗೆ. ಸುವರ್ಣಾ ಬಾಗಿಲಲ್ಲಿ ನಿಂತಿದ್ದಳು. ಇವನ್ನ ಯಾಕ ಉಟ್ಟಿಲ್ಲ, ಅಂದಳು ವಿದ್ಯಾವತಿ. ಉಡ್ತೇನ್ರಿ ಅತ್ತಿ. ಯಾವಾಗ ಉಡ್ತಿ, ನಾ ಸತ್ತ ಮ್ಯಾಲ? ಚಲೋ ದಿನ ನೋಡಿ ಉಡ್ತೇನ್ರಿ. ಯಾರದು ಆ ದನಿ, ಅಂದಿನ ಇಂಡಿಯ ಹುಡುಗಿಯದೋ ಇಂದಿನ ಮುದ್ದೇಬಿಹಾಳದವಳದೋ, ಜವಳಿಯ ದಿನ ಈ ಹುಡುಗಿ ಗಾದಿಯ ತುದಿಗೆ ಕೂತಿದ್ದಳು, ಒಂದು ನೀಲಿಯ ಮೇಲೆ ಕೈ ಇಟ್ಟಿದ್ದಳು, ಇಟ್ಟಿದ್ದಳೇ, ಹೌದು, ಅಂಗೈ ಇಟ್ಟಿದ್ದಳು, ಅದು ಬ್ಯಾಡವಾ, ಹಂದರದಾಗ ಎದ್ದ ಕಾಣಂಗಿಲ್ಲ ಅಂದದ್ದು ತಾನೇ, ಮಡಿಚ್ರಿ ಅಂತ ಅಂಗಡಿಯವನಿಗೆ ಹೇಳಿದ್ದೂ ತಾನೇ — ಇಲ್ಲ, ಅದು ಬೇರೆ, ಅದು ಆಕೆಯ ಒಳ್ಳೆಯದಕ್ಕೆ ಹೇಳಿದ್ದು, ಶೆಟ್ಟೆವ್ವನೂ ಒಳ್ಳೆಯದಕ್ಕೇ ಹೇಳುತ್ತಿದ್ದಳು, ಯಾರು ಕೆಟ್ಟದ್ದಕ್ಕೆ ಹೇಳುತ್ತಾರೆ, ಮತ್ತೆ ಈ ಸಿಟ್ಟನ್ನು ಯಾರ ಮೇಲೆ ಹಾಕಬೇಕು, ಗಂಡನ ಮೇಲಿದ್ದರೆ ಎಷ್ಟು ಹಗುರಾಗಿತ್ತು. ಅವನ್ನ ಅಲ್ಲಿ ಇಡಬ್ಯಾಡ್ರಿ ಅತ್ತಿ, ಅಂದಳು ಸುವರ್ಣಾ, ದನಿ ಮತ್ತೆ ಸಮ ಆಗಿತ್ತು, ಜಾಗ ಇಲ್ರಿ, ಇಂಡಿ ಮದವಿಗೆ ಅಂತ ಒಂದ ನೀಲಿ ಸೀರಿ ಕೇಳಿದ್ದೆ, ಇವರು ತಿಜೋರಿ ತುಂಬ ಅದಾವ, ಮೊದಲ ಅವನ್ನ ಉಡು ಅಂದ್ರು. ಅನಿಲ, ತನ್ನ ಹೊಟ್ಟೆಯಲ್ಲಿ ಹುಟ್ಟಿದವನು, ಯಾವಾಗ ಕಲಿತ ಆ ಮಾತು, ಯಾರ ಹತ್ತಿರ, ಮತ್ತೆ ತೋಳಿನಲ್ಲಿ ಈ ಅಟ್ಟಿ, ಇಲ್ಲಿ ಇಟ್ಟರೆ ಇನ್ನು ಇಪ್ಪತ್ತು ವರ್ಷ ಈ ಹುಡುಗಿ ಹೊಸದೊಂದು ಕೇಳುವ ಹಾಗಿಲ್ಲ, ಹೊತ್ತುಕೊಂಡು ವಾಪಸು ಹೋದರೆ ತನ್ನ ತಿಜೋರಿ ಮತ್ತೆ ತುಂಬುತ್ತದೆ, ಸಂಜೆಗೆ ಗುರುಲಿಂಗಪ್ಪ ಬರುತ್ತಾನೆ, ಎರಡೂ ಬಾಗಿಲು ತೆಗೆದು ಏನು ತೋರಿಸುವುದು, ತೋಳು ಸೋಲುತ್ತಿದೆ, ಕೆಳಗೆ ನೋಡಿದಳು, ಎಲ್ಲಕ್ಕಿಂತ ಮೇಲಿನ ಸೀರೆಯ ಅಂಚಿನಲ್ಲಿ ಜೋಳದ ಹಿಟ್ಟಿನ ಎರಡು ಬೆರಳ ಗುರುತು, ಕೈ ಸರಿಯಾಗಿ ಒರೆಸಿಕೊಂಡಿಲ್ಲ, ಕೆಳಗಿನದರ ಮೇಲೂ ಎರಡು, ಅದರ ಕೆಳಗಿನದರ ಮೇಲೂ, ಅಂಚಿನ ಅದೇ ಜಾಗದಲ್ಲಿ, ಬೆಳ್ಳಗೆ, ಎರಡು ಬೆರಳು, ಎರಡು ಬೆರಳು —