ತಾಮ್ರದ ಮೊಳೆ

ದೋಣಿ ಕಟ್ಟಿಯೂ ಗೊತ್ತಿಲ್ಲದ, ನಡೆಸಿಯೂ ಗೊತ್ತಿಲ್ಲದ ನಾನು ಈ ಕಥೆ ಹೇಳಲು ಹೊರಟಿರುವುದು ಅಧಿಕಪ್ರಸಂಗವೇ ಸರಿ. ಪಕ್ಕದ ಮನೆಯ ಕಾಂಪೌಂಡಿನಾಚೆ ಕಂಡದ್ದು, ಆಮೇಲೆ ಕೇಳಿ ತಿಳಿದದ್ದು, ಇಷ್ಟೇ ನನ್ನ ಬಂಡವಾಳ. ತಪ್ಪಿದ್ದರೆ ಬಲ್ಲವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಆ ಮನೆಯ ಮಗಳು ದೋಣಿಯ ಅಡಿಯಲ್ಲಿ ಅಂಗಾತ ಮಲಗಿದ್ದಳು. ಹಳೆಯ ಟೈರುಗಳ ಮೇಲೆ ಕೂರಿಸಿದ್ದ ಅಲ್ಯೂಮಿನಿಯಂ ದೋಣಿ ಅದು, ಯಾರೋ ಬಳಸಿ ಬಿಟ್ಟದ್ದು. ಒಳಗೆ ಅವಳೇ ಹೊತ್ತು ಸುರಿದ ಗೇಣಾಳದ ನೀರು. ಎಲ್ಲಿ ಸೋರುತ್ತದೆಂದು ತಿಳಿಯಬೇಕಾದರೆ ದೋಣಿಯನ್ನು ನೀರಿಗೆ ಹಾಕಬೇಡ, ನೀರನ್ನೇ ದೋಣಿಗೆ ಹಾಕು ಎಂದು ಹೇಳಿಕೊಟ್ಟವನು ಬೀದಿಯ ಕೊನೆಯ ವೆಲ್ಡರ್. ತಗಡಿಗೆ ತಗಡು ಜೋಡಿಸುವ ರಿವೆಟ್ ಮೊಳೆಗಳಲ್ಲಿ ಹನಿ ಮೂಡಿದ್ದಕ್ಕೆಲ್ಲ ಅವಳು ಮಾರ್ಕರಿನಿಂದ ಸುತ್ತು ಹಾಕುತ್ತಿದ್ದಳು.

"ಸೋರ್ತಿದ್ಯಾ?" ಅಂಗಳದ ಆ ತುದಿಯ ಶೆಡ್ಡಿನ ಬಾಗಿಲಿನಿಂದ ಅಪ್ಪ ಕೇಳಿದರು.

"ಸ್ವಲ್ಪ."

"ಪಾತ್ರೆ ಅಂದ್ಮೇಲೆ ಸೋರತ್ತೆ. ಕಲಾಯಿ ಹಾಕಿಸು."

"ಹಾಕಿಸ್ತೀನಿ. ಮಿಕ್ಕಿದ ತಗಡಲ್ಲಿ ನಿಮಗೂ ಒಂದು ಲೋಟ ಮಾಡಿಸ್ಲಾ?"

ಅಪ್ಪ ಒಳಗೆ ಹೋದರು. ಅವರು ದೋಣಿ ಕಟ್ಟುವ ಬಡಗಿ. ಆ ದಡದ ಮರದ ದೋಣಿಗಳಲ್ಲಿ ಮುಕ್ಕಾಲುಪಾಲು ಅವರ ಕೈಯವೇ. ಬೆನ್ನು ಕೈಕೊಟ್ಟ ಮೇಲೆ ಶೆಡ್ಡಿನಲ್ಲಿ ಹೊಸದೇನೂ ಎದ್ದಿರಲಿಲ್ಲ. ಮರದ ದೋಣಿಯನ್ನು ಮರಳಿನಿಂದ ನೀರಿಗೆ ನೂಕಲು ನಾಲ್ಕು ಜನ ಬೇಕು, ಇದನ್ನಾದರೆ ನಾನೊಬ್ಬಳೇ ನೂಕಬಲ್ಲೆ ಎಂದು ಮಗಳು ವಿವರಿಸಿದ್ದಳು. ಅಪ್ಪನ ಕಿವಿಗೆ ಬಿದ್ದದ್ದು ಒಂದೇ ಮಾತು: ಬಡಗಿಯ ಮಗಳು ತಗಡು ತಂದಳು. ಅಂದಿನಿಂದ ಚುಚ್ಚುಮಾತು ಬಿಟ್ಟರೆ ಬೇರೆ ಮಾತಿಲ್ಲ, ಊಟಕ್ಕೂ ಜೊತೆಗೆ ಕೂರುತ್ತಿರಲಿಲ್ಲ. ಮಗಳಿಗೆ ಹಿಂದೆ ಸರಿಯುವಂತಿರಲಿಲ್ಲ. ಮೀನಿಗೆ ಹೋಗಲೆಂದು ಐಸ್ ಫ್ಯಾಕ್ಟರಿಯ ಕೆಲಸ ಬಿಡುವುದಾಗಿ ಹೇಳಿಬಿಟ್ಟಿದ್ದಳು. ಎಂಜಿನ್ ಕೂರಿಸುವ ಹಿಂಭಾಗದ ಹಲಗೆ ಕೊಳೆತು ಲಡ್ಡಾಗಿತ್ತು, ತಾನೇ ಕಿತ್ತು ಬದಲಾಯಿಸಿದ್ದಳು. ಉಳಿದದ್ದು ಈ ಸೋರಿಕೆಯೊಂದೇ.

ಮರುದಿನ ಸಂಜೆ ಫ್ಯಾಕ್ಟರಿಯಿಂದ ಬಂದು ನೋಡುತ್ತಾಳೆ, ಗುರುತು ಹಾಕಿದ್ದ ಸಾಲಿಗೆ ಸಾಲೇ ದುರಸ್ತಿಯಾಗಿದೆ. ಸಡಿಲ ರಿವೆಟ್ಟುಗಳನ್ನು ತೆಗೆದು ತಾಮ್ರದ ಮೊಳೆ ಹೊಡೆದು, ತುದಿಗೆ ಬಿಲ್ಲೆ ಕೂರಿಸಿ, ಬಡಿದು ಮಡಚಲಾಗಿತ್ತು. ಒಂದೊಂದೂ ಅಚ್ಚಿನಲ್ಲಿ ತೆಗೆದಂತಿತ್ತು. ನೀರು ಸುರಿದಳು. ಒಂದು ಹನಿಯೂ ಇಳಿಯಲಿಲ್ಲ.

ಅಮ್ಮ ಹಿತ್ತಲ ಬಾಗಿಲಿನಿಂದ ಓಡೋಡಿ ಬಂದಳು. "ಬೆಳಿಗ್ಗೆ ನೀನು ಹೋಗಿದ್ದೇ ತಡ, ಶುರು ಹಚ್ಕೊಂಡ್ರು ಕಣೇ. ಬೆನ್ನು ನೋವಂತ ನರಳ್ತಾ ಬಿದ್ದುಕೊಂಡೇ ಹೊಡೆದ್ರು. ಊಟಕ್ಕೂ ಏಳ್ಲಿಲ್ಲ."

ಮಗಳು ಆ ಸಾಲಿನ ಮೇಲೆ ಬೆರಳಾಡಿಸಿದಳು. ಆ ರಾತ್ರಿ ಅಪ್ಪ ಅವಳ ಪಕ್ಕದಲ್ಲೇ ಊಟಕ್ಕೆ ಕೂತರು. ಉಪ್ಪು ಕೇಳಿ ಇಸಿದುಕೊಂಡರು.

ಎಂಜಿನ್ ಕೂರಿಸಲು ಬಂದ ವೆಲ್ಡರ್ ಮೊಳೆಗಳನ್ನು ಕಂಡು ತಲೆ ಕೆರೆದುಕೊಂಡ. "ಕೆಲಸ ನೋಡಿದ್ರೆ ಕೈಮುಗೀಬೇಕು ಅನ್ಸತ್ತೆ ಅಕ್ಕ. ಆದ್ರೆ ತಾಮ್ರ. ಉಪ್ಪುನೀರು ಸೋಕಿದ್ರೆ ಸಾಕು, ಸುತ್ತ ಇರೋ ಅಲ್ಯೂಮಿನಿಯಂನ ತಿಂದು ಹಾಕತ್ತೆ. ಮರಕ್ಕಾದ್ರೆ ಏನೂ ಆಗಲ್ಲ. ಇದು ಸೀಸನ್ ಮುಗಿಯೋದ್ರೊಳಗೆ ಜರಡಿ."

"ಖಂಡಿತವಾ?"

"ನಾನೇ ಅಂಥದ್ದಕ್ಕೆ ತೇಪೆ ಹಾಕಿದೀನಿ." ಅವನು ಅಳತೆ ನೋಡಿ, ಒಂದು ನಂಬರ್ ಹೆಚ್ಚು ದಪ್ಪದ ಅಲ್ಯೂಮಿನಿಯಂ ರಿವೆಟ್ಟುಗಳನ್ನು ಪೊಟ್ಟಣ ಕಟ್ಟಿ ಕೊಟ್ಟ.

ಅಮ್ಮನದು ಬೇರೆಯೇ ಲೆಕ್ಕ. "ಒಂದು ತಿಂಗಳು ಹಾಗೇ ಓಡಿಸು. ಆಮೇಲೆ ಅವರಿಗೆ ಗೊತ್ತಾಗದ ಹಾಗೆ ತೆಗೆಸಿದ್ರಾಯ್ತು. ಮನುಷ್ಯ ಈಗಷ್ಟೇ ಹದಕ್ಕೆ ಬಂದಿದಾರೆ."

"ಅವರ ಬೆನ್ನ ಹಿಂದೆ ಕೀಳಲ್ಲ ಅಮ್ಮ."

ರಜೆಯ ದಿನ ಬೆಳಿಗ್ಗೆ ಅವಳು ಡ್ರಿಲ್ ಹಿಡಿದು ನೇರ ಶೆಡ್ಡಿಗೆ ಹೋದಳು. ಅಪ್ಪ ಉಳಿಗೆ ಸಾಣೆ ಹಿಡಿಯುತ್ತಿದ್ದರು. ವೆಲ್ಡರ್ ಹೇಳಿದ್ದನ್ನು ಹೇಳಿದಳು. ಪೂರ್ತಿ ಹೇಳಿ ಮುಗಿಸಿದಳು.

"ನಾನು ಹೊಡೆದ ಮೊಳೆ ಇವತ್ತಿನವರೆಗೆ ಯಾರೂ ಕಿತ್ತಿಲ್ಲ" ಎಂದರು ಅಪ್ಪ, ಸಾಣೆಯಿಂದ ತಲೆ ಎತ್ತದೆ.

"ಗೊತ್ತು. ನಾನು ಕೀಳ್ತೀನಿ. ಅದನ್ನ ನಿಮಗೆ ಹೇಳೇ ಮಾಡ್ಬೇಕು ಅಂತ ಬಂದೆ."

"ತಗಡಿನ ಜಾತಕ ವೆಲ್ಡರಿಗೆ ಗೊತ್ತು. ಅವನನ್ನೇ ಅಪ್ಪ ಅನ್ನು, ಹೋಗು."

ಅವಳು ಹೋದಳು. ಮೊದಲ ಮೊಳೆಗೆ ಡ್ರಿಲ್ ಇಡುವಾಗ ಕೈ ತಡೆಯಿತು. ಆಮೇಲೆ ತಡೆಯಲಿಲ್ಲ. ಕೆಂಪು ಪುಡಿ ದೋಣಿಯ ತುಂಬ ಚೆಲ್ಲಿತು. ಮಧ್ಯಾಹ್ನದ ಹೊತ್ತಿಗೆ ಸಾಲೆಲ್ಲ ಬರಿಯ ತೂತು.

ಮೆತ್ತನೆಯ ತಾಮ್ರದ ಮೊಳೆಯನ್ನಾದರೆ ಪಳಗಿದ ಕೈ ಒಂಟಿಯಾಗಿಯೂ ಮಡಚೀತು, ಈ ದಪ್ಪ ರಿವೆಟ್ ಹೊಡೆಯುವುದು ಒಬ್ಬರ ಕೆಲಸವಲ್ಲ. ಹೊರಗಿನಿಂದ ಒಬ್ಬರು ಅದರ ತಲೆಗೆ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಬೇಕು, ಒಳಗಿನಿಂದ ಇನ್ನೊಬ್ಬರು ಬಾಲವನ್ನು ಬಡಿಯಬೇಕು. ಒಬ್ಬರಿಗೊಬ್ಬರು ಕಾಣುವುದಿಲ್ಲ. ದೋಣಿಯನ್ನು ಓರೆಯಾಗಿ ವಾಲಿಸಿ ಅಮ್ಮನನ್ನು ಹೊರಗೆ ಕೂರಿಸಿದಳು. ಪ್ರತಿ ಏಟಿಗೂ ಗಟ್ಟಿ ಜಾರಿ, ರಿವೆಟ್ ಸೊಟ್ಟಗಾಗುತ್ತಿತ್ತು.

"ಕೈಯೆಲ್ಲ ಜುಮ್ ಅಂತಿದೆ ಕಣೇ. ಒಂದ್ನಿಮಿಷ ಇರು."

ಸೊಟ್ಟಗಾದದ್ದನ್ನು ಕಿತ್ತು ಹೊಸದು ಹಾಕಿ ಕಾದಳು. ಹೊರಗೆ ಏನೋ ಗುಸುಗುಸು, ಚಪ್ಪಲಿ ಸರಿದ ಸದ್ದು. ಮತ್ತೆ ಗಟ್ಟಿ ಬಂದು ಕೂತಿತು. ಅವಳು ಬಡಿದಳು. ಈ ಸಲ ಅದು ಬಂಡೆಯಂತೆ ನಿಂತಿತು. ಬಾಲ ಸಮನಾಗಿ ಚಪ್ಪಟೆಯಾಯಿತು. ಹೊರಗಿನಿಂದ ಟಕ್ ಟಕ್ ಎಂದು ಎರಡು ಸಲ ತಟ್ಟಿದ ಸದ್ದು: ಮುಂದಿನದು. ಶೆಡ್ಡಿನಲ್ಲಿ ಆಳುಗಳಿಗೆ ಹಾಗೆ ತಟ್ಟುತ್ತಿದ್ದುದು ಯಾರೆಂದು ಅವಳಿಗೆ ಗೊತ್ತಿತ್ತು. ಅವಳು ಕೂಗಿ ಕೇಳಲಿಲ್ಲ.

ಸುಮಾರು ಹೊತ್ತಾದ ಮೇಲೆ ಹೊರಗಿನಿಂದ ಮಾತು ಬಂತು. "ಓರೆ ಹೊಡೀತಿದೀಯ."

"ನೀವು ಸರಿಯಾಗಿ ಹಿಡೀರಿ."

"ನಾನು ಹಿಡಿದಿರೋದು ಸರಿಯಾಗೇ ಇದೆ."

ಟಕ್ ಟಕ್.

ಸಾಲು ಮುಗಿದಾಗ ಬಿಸಿಲು ಇಳಿದಿತ್ತು. ಅಪ್ಪ ಸೊಂಟ ಹಿಡಿದುಕೊಂಡು ದೋಣಿಯ ಅಂಚು ದಾಟಿ ಒಳಗೆ ಬಂದರು. ಒದ್ದೆ ಬಟ್ಟೆ ತೆಗೆದುಕೊಂಡು, ಮಂಡಿಯೂರಿ, ಚೆಲ್ಲಿದ್ದ ತಾಮ್ರದ ಪುಡಿಯನ್ನು ಮೂಲೆಮೂಲೆಯಿಂದ ಒರೆಸತೊಡಗಿದರು. ಸಂದುಗಳೊಳಗೆ ಉಗುರು ತೂರಿಸಿ ಕೆರೆದರು. ಮಗಳು ಬಟ್ಟೆಗೆ ಕೈಚಾಚಿದಳು, ಅವರು ಕೊಡಲಿಲ್ಲ.

ದೋಣಿ ನೀರಿಗಿಳಿದ ಬೆಳಿಗ್ಗೆ ಅಪ್ಪ ದಡದಲ್ಲಿದ್ದರು ಎಂದು ಅಮ್ಮ ಹೇಳುತ್ತಾಳೆ. ವೆಲ್ಡರ್ ತಾನು ನೋಡಲಿಲ್ಲ ಎನ್ನುತ್ತಾನೆ. ಮಗಳು ಅಲೆ ದಾಟುವವರೆಗೂ ದಡದತ್ತ ತಿರುಗದೆ ಕಾಲಬುಡದ ಆ ರಿವೆಟ್ಟಿನ ಸಾಲನ್ನೇ ನೋಡುತ್ತಿದ್ದಳಂತೆ, ಒಣಗಿಯೇ ಇತ್ತಂತೆ. ಅಪ್ಪ ಬಂದಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ.