ಲಿಮಾಕ್ಕೆ ಎರಡು ಗಂಟೆ

ಬಸುರಿ ವಿಮಾನ ಹತ್ತಬಹುದೆಂಬ ಪತ್ರಕ್ಕೆ ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರೂ ಬರೆಯಲಿಲ್ಲ.

"ಮೂವತ್ಮೂರು ವಾರ. ಬೇರೆಯವ್ರಾಗಿದ್ರೆ ಕಣ್ಮುಚ್ಚಿ ಸೈನ್ ಹಾಕ್ತಿದ್ದೆ. ನಿಂಗೆ ಹೋದ ತಿಂಗಳು ಎರಡು ಸಲ ರಕ್ತ ಕಾಣಿಸ್ಕೊಂಡಿದೆ. ಈಗ ನಿಂತಿದೆ, ಏನೂ ಆಗ್ದೇನೂ ಇರಬಹುದು. ಆದ್ರೆ ವಿಮಾನದಲ್ಲಿ ಶುರುವಾದ್ರೆ ಅಲ್ಲಿ ನಾನಿರಲ್ಲ. ನೀನೇ ಹೇಳಮ್ಮ, ಬರೀಲಾ?"

"ಬರೀರಿ," ಅಂದಳು ನೆರಿದಾ.

ರಾಜಧಾನಿ ಲಿಮಾದಲ್ಲಿ ಅವಳ ತಾಯಿಗೆ ಕೊನೆಗಾಲ. ಅವಳಿರುವ ಕಾಡಿನೂರು ಇಕಿಟೋಸಿನಿಂದ ಅಲ್ಲಿಗೆ ರಸ್ತೆಯೆಂಬುದೇ ಇಲ್ಲ. ನದಿಯಲ್ಲಿ ನಾಲ್ಕೈದು ದಿನ ದೋಣಿ, ಆಮೇಲೆ ಬೆಟ್ಟ ಹತ್ತಿಳಿಯುವ ಬಸ್ಸು. ಸಾವೇನು ಅಷ್ಟು ದಿನ ಬಾಗಿಲಲ್ಲಿ ಕಾದು ನಿಲ್ಲುತ್ತದೆಯೇ? ವಿಮಾನವಾದರೆ ಎರಡೇ ಗಂಟೆ.

ಮನೆಯಲ್ಲಿ ಅತ್ತೆ ದೋಮಿತಿಲಾ ಕೆಂಡದ ಮೇಲೆ ಬಾಳೆಕಾಯಿ ಸುಡುತ್ತಿದ್ದಳು. ಸೊಸೆಯ ಕೈಯಲ್ಲಿದ್ದ ಕಾಗದ ನೋಡಿದ್ದೇ ತಡ, ಶುರುಮಾಡಿದಳು.

"ಬಸುರಿ ಹೆಂಗ್ಸು ಹೆಣದ ಹತ್ರ ಹೋಗ್ಬಾರ್ದು. ಹೆಣದ ತಣ್ಣನೆ ಗಾಳಿ ಸೀದಾ ಹೊಟ್ಟೇಲಿರೋ ಕೂಸಿಗೆ ಬಡಿಯುತ್ತೆ. ಒಂದ್ಸಲ ಆಗಿದ್ದು ಸಾಲ್ದೇನೇ ನಿಂಗೆ?"

"ನಮ್ಮಮ್ಮ ಇನ್ನೂ ಬದುಕಿದಾಳೆ, ಅತ್ತೆ."

"ನೀನು ಹೋಗಿ ಮುಟ್ಟೋ ಹೊತ್ತಿಗೆ?" ಅಂದುಬಿಟ್ಟಳು. ಅಂದ ಮೇಲೆ ಅವಳಿಗೇ ಕೆಟ್ಟದೆನಿಸಿತು. "ಬಾ, ಬಿಸಿ ಇದೆ, ಒಂದು ತುತ್ತು ತಿನ್ಕೊಂಡು ಹೋಗು."

ಎರಡು ವರ್ಷದ ಹಿಂದೆ ನೆರಿದಾ ಇದೇ ಮಾತಿಗೆ ನಕ್ಕು, ಗೆಳತಿಯ ತಂದೆ ಸತ್ತಾಗ ಹೆಣದ ಪಕ್ಕ ಕೂತು ಬಂದಿದ್ದಳು. ಹದಿನೈದು ದಿನಕ್ಕೆ ಹೊಟ್ಟೆಯಲ್ಲಿದ್ದ ಏಳು ತಿಂಗಳ ಕೂಸು ಹೋಯಿತು. ಇದಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ಡಾಕ್ಟರು ಬಿಡಿಸಿ ಹೇಳಿದ್ದರು. ತಲೆ ಒಪ್ಪಿತ್ತು, ಹೊಟ್ಟೆ ಒಪ್ಪಿರಲಿಲ್ಲ.

ಗಂಡ ಸೆಗುಂದೊ ತನ್ನ ಆಟೋದಲ್ಲಿ ಚೀಲವಿಟ್ಟು, "ನಿನ್ನಿಷ್ಟ ಕಣೆ. ನೀನು ಹೇಳ್ದಂಗೆ," ಅಂದ. ದಾರಿಯುದ್ದಕ್ಕೂ ಅದನ್ನೇ ಅಂದ. ಗಂಡಸರಿಗೆ ಇದೊಂದು ಅನುಕೂಲ.

ವಿಮಾನ ನಿಲ್ದಾಣದ ಸಾಲಿನಲ್ಲಿ ಅವಳ ಮುಂದೆ ಮೂರೇ ಜನ. ಆಗ ಹೊಟ್ಟೆ ಬಿಗಿಯಿತು. ನೋವಿರಲಿಲ್ಲ, ಬರೀ ಬಿಗಿತ. ದಿನಕ್ಕೆ ಹತ್ತು ಸಲ ಆಗುವಂಥದ್ದೇ. ಆದರೂ ಅವಳ ಕಾಲು ಮುಂದೆ ಹೋಗಲಿಲ್ಲ. ಹಿಂದಿನವರಿಗೆ ದಾರಿ ಬಿಟ್ಟಳು. ಅವರ ಹಿಂದಿನವರಿಗೂ ಬಿಟ್ಟಳು. ಕೊನೆಗೆ ಕೌಂಟರು ಮುಚ್ಚಿತು.

ಬೆಂಚಿನ ಮೇಲೆ ಕೂತಾಗ ಅಕ್ಕ ಲಸ್ತೇನಿಯಾಳ ಫೋನು ಬಂತು.

"ಹತ್ತಿದ್ಯೇನೇ? ಅಮ್ಮಂಗೆ ಕಣ್ಣು ಕಾಣಿಸ್ತಿಲ್ಲ, ಮಾತೂ ನಿಂತಿದೆ. ಯಾರಾದ್ರೂ ಕಾಲಿಟ್ರೆ ಸಾಕು, ನೀನೇ ಅಂತ ಮುಖ ತಿರುಗಿಸ್ತಾಳೆ. ನಿಂಗೋಸ್ಕರಾನೇ ಜೀವ ಹಿಡ್ಕೊಂಡಿದಾಳೆ ಕಣೆ."

"ಅಕ್ಕಾ, ಫೋನು ಅಮ್ಮನ ಕಿವಿ ಹತ್ರ ಹಿಡಿ."

ಆ ಕಡೆ ಉಸಿರು ಕೇಳಿಸಿತು. ಕೆಳಗಿನಿಂದ ಎಳೆದು ತರುವಂಥ ಉಸಿರು.

"ಅಮ್ಮಾ, ನಾನು ಬಂದೆ. ನಿನ್ನ ಪಕ್ಕದಲ್ಲೇ ಕೂತಿದೀನಿ. ಇನ್ನು ನೀನು ಮಲಕ್ಕೋ."

ಆ ಕಡೆ ಹಾಸಿಗೆಯ ಬಟ್ಟೆ ಸರಿದಾಡುವ ಸದ್ದು ಕೇಳಿಸಿತು. ಆಮೇಲೆ ಲಸ್ತೇನಿಯಾ ತಗ್ಗಿದ ದನಿಯಲ್ಲಿ ಕೇಳಿದಳು.

"ಯಾಕೆ ಹಂಗಂದ್ಯೇ? ಹಾಸಿಗೆ ಮೇಲೆಲ್ಲ ಕೈಯಾಡಿಸಿ ನಿನ್ನ ಹೊಟ್ಟೆ ಹುಡುಕ್ತಿದಾಳೆ."